ಕಸ ಸುಡುವ ಕಾರ್ಖಾನೆ ಬೇಡವೆಂದ ಊರು – ಕಪಾನ್ನೊರಿಯಿಂದ ಒಂದು ಪಾಠ



ಈ ಪುಟಗಳಲ್ಲಿ ಕೊಳೆರೋಗ, ಕಾಂಡಕೊರಕ, ಧಾರಣೆಯ ಏರಿಳಿತ ಇವುಗಳನ್ನು ಓದಿ ರೂಢಿಯಿರುವ ತಮಗೆ ಪೇಟೆಯ ಕಸದ ವಿಚಾರ ಇಲ್ಲೇಕೆ ಬಂತೆಂದು ಅನಿಸಬಹುದು. ಪೇಟೆ ಬೆಳೆದಂತೆ ಅದರ ಕಸ ಪೇಟೆಯಲ್ಲೇ ಉಳಿಯುವುದಿಲ್ಲ. ಅಗ್ಗದ ಜಮೀನು ಇರುವ ಕಡೆಗೆ, ಅಂದರೆ ಹಳ್ಳಿಯ ಕಡೆಗೆ, ಲಾರಿ ಹತ್ತಿ ಹೊರಡುತ್ತದೆ. ಬೆಂಗಳೂರಿನ ಕಸ ತಮ್ಮೂರಿಗೆ ಬೇಡವೆಂದು ಮಂಡೂರಿನ ಜನ 2014ರಲ್ಲಿ ಹಿಡಿದ ಹಠ ಹಲವರಿಗೆ ನೆನಪಿರಬೇಕು. ಕಸವನ್ನು ಗುಡ್ಡೆ ಹಾಕುವುದಕ್ಕೆ ಜನ ಒಪ್ಪದಿದ್ದಾಗ ಯೋಜನೆ ಬರೆಯುವವರು ಆಡುವ ಮುಂದಿನ ಮಾತು, 'ಹಾಗಾದರೆ ಸುಟ್ಟು ವಿದ್ಯುತ್ ಮಾಡೋಣ' ಎಂಬುದು. ಕೇಳುವುದಕ್ಕೆ ಬಹಳ ಚೆನ್ನಾಗಿದೆ. ಕಸವೂ ಹೋಯಿತು, ದೀಪವೂ ಉರಿಯಿತು!

ಇದೇ ಮಾತನ್ನು ನಮಗಿಂತ ಮೊದಲೇ ಕೇಳಿ, ಬೇಡವೆಂದು ಹೇಳಿ, ಬೇಡವೆಂದ ಮೇಲೆ ಮಾಡಬೇಕಾದ ಕೆಲಸವನ್ನೂ ಮಾಡಿದ ಒಂದು ಊರು ಇಟಲಿ ದೇಶದಲ್ಲಿದೆ. ಇಟಲಿ ನಮಗೆ ದೂರದ ದೇಶವಾದರೂ ಅಪರಿಚಿತವೇನಲ್ಲ. ಹಲವು ವರ್ಷಗಳಿಂದ ಭಾರತದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚಾಗಿ ಕೊಳ್ಳುತ್ತಿರುವ ದೇಶ ಅದು. ಆ ಊರಿನ ಕಸದ ಚೀಲಕ್ಕೂ ಕಾಫಿಗೂ ಒಂದು ಸಂಬಂಧವಿದೆ. ಅದನ್ನು ಮುಂದೆ ಹೇಳುತ್ತೇನೆ.

ಊರು ಮತ್ತು ಯೋಜನೆ

ಕಪಾನ್ನೊರಿ ಎಂಬುದು ಟಸ್ಕನಿ ಪ್ರಾಂತದ ಲುಕ್ಕಾ ಜಿಲ್ಲೆಗೆ ಸೇರಿದ ಪುರಸಭೆ. ವಾಲುಗೋಪುರದ ಪೀಸಾ ನಗರದ ನೆರೆಸೀಮೆ. ಪುರಸಭೆಯೆಂದರೆ ಒತ್ತಾಗಿ ಕಟ್ಟಿದ ಒಂದು ಪೇಟೆಯಲ್ಲ, ಬಯಲಿನಲ್ಲೂ ಗುಡ್ಡದ ಇಳಿಜಾರಿನಲ್ಲೂ ಚದುರಿರುವ ಸುಮಾರು ನಲವತ್ತು ಹಳ್ಳಿಗಳ ಕೂಟ. ಜನಸಂಖ್ಯೆ 46 ಸಾವಿರದ ಆಸುಪಾಸು. ಗುಡ್ಡದ ಮೇಲೆ ಆಲಿವ್ ಮತ್ತು ದ್ರಾಕ್ಷಿಯ ತೋಟಗಳು, ಕೆಳಗೆ ಬಯಲಿನಲ್ಲಿ ಕಾಗದದ ಗಿರಣಿಗಳು. ಲುಕ್ಕಾ ಸೀಮೆಯ ಆಲಿವ್ ಎಣ್ಣೆ ಅದರ ಊರಿನ ಹೆಸರಿನಿಂದಲೇ ಮಾರಾಟವಾಗುತ್ತದೆ. ಹೆಸರಿನಿಂದ ಮಾರಾಟವಾಗುವ ಬೆಳೆಗೆ ಹೆಸರು ಕೆಟ್ಟರೆ ಏನಾಗುತ್ತದೆಂದು ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ.

1997ರ ಫೆಬ್ರವರಿಯಲ್ಲಿ ಇಟಲಿ ಸರ್ಕಾರ ಕಸದ ಬಗ್ಗೆ ಹೊಸ ಕಾನೂನು ತಂದಿತು. ಪ್ರತಿಯೊಂದು ಪ್ರಾಂತವೂ ತನ್ನ ಕಸಕ್ಕೆ ಒಂದು ಯೋಜನೆ ಬರೆಯಬೇಕು. ಕಸದ ಒಂದಂಶವನ್ನು ಬೇರ್ಪಡಿಸಿ ಸಂಗ್ರಹಿಸಲೇಬೇಕು. ಎರಡು ವರ್ಷದಲ್ಲಿ ನೂರಕ್ಕೆ 15, ನಾಲ್ಕು ವರ್ಷದಲ್ಲಿ 25, ಆರು ವರ್ಷದಲ್ಲಿ 35 ಭಾಗ ಎಂದು ಗುರಿ ಹಾಕಿದ್ದರು. ಈ ಲೆಕ್ಕವನ್ನು ತಿರುಗಿಸಿ ನೋಡಿರಿ. ಆರು ವರ್ಷದ ನಂತರವೂ ನೂರಕ್ಕೆ 65 ಭಾಗ ಬೆರಕೆ ಕಸವೇ ಉಳಿಯುತ್ತದೆ. ಅಷ್ಟನ್ನು ಏನು ಮಾಡುವುದು? ಮೇಲಿನಿಂದ ಯೋಜನೆ ಬರೆಯುವವರಿಗೆ ಸುಡುವ ಕಾರ್ಖಾನೆ ಹೊಳೆಯುವುದು ಇಂತಹ ಉಳಿಕೆಯ ಅಂಕಣದಲ್ಲಿಯೇ. ಅದೇ ವರ್ಷ ಕಪಾನ್ನೊರಿಯಲ್ಲಿ ಇಂತಹ ಕಾರ್ಖಾನೆ ಕಟ್ಟುವ ಪ್ರಸ್ತಾಪ ಬಂತು.

ಊರಿನ ಪ್ರಾಥಮಿಕ ಶಾಲೆಯ ಮೇಷ್ಟ್ರು ರೊಸ್ಸಾನೊ ಎರ್ಕೊಲಿನಿ ಎಂಬವರು ಇದನ್ನು ಎದುರಿಸಲು ನಿಂತರು. ತಮ್ಮ ಶಾಲೆಯ ಮಕ್ಕಳು ಉಸಿರಾಡುವ ಗಾಳಿಯ ಪ್ರಶ್ನೆ ಇದೆಂದು ಅವರು ಕಂಡರು. ಆದರೆ ಊರಿನವರನ್ನು ಬರಿಯ ಭಯದಿಂದ ಒಟ್ಟುಗೂಡಿಸಲು ಹೋಗಲಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ರಸಾಯನಶಾಸ್ತ್ರ ಪ್ರಾಧ್ಯಾಪಕರಾಗಿದ್ದು ಕಸ ದಹನದ ವಿಷಯವನ್ನೇ ಅಭ್ಯಾಸ ಮಾಡಿದ್ದ ಪಾಲ್ ಕಾನೆಟ್ ಅವರ ನೆರವು ಪಡೆದರು. ಚಿಮಣಿಯಿಂದ ಏನು ಹೊರಡುತ್ತದೆ, ಬೂದಿ ಎಷ್ಟು, ಹಣ ಯಾರದು ಎಂಬ ಲೆಕ್ಕವನ್ನು ಊರಿನವರ ಮುಂದೆಯೂ ಪುರಸಭೆಯ ಮುಂದೆಯೂ ಇಟ್ಟರು. ಕಾರ್ಖಾನೆಯ ಪ್ರಸ್ತಾಪ ಬಿದ್ದುಹೋಯಿತು.

ಸುಡುವುದರಲ್ಲಿ ಇರುವ ಲೆಕ್ಕ

ಆ ಲೆಕ್ಕವನ್ನು ನಾವೂ ಸ್ವಲ್ಪ ನೋಡೋಣ. ಇದು ನಮ್ಮ ಒಲೆಯ ಅನುಭವಕ್ಕೆ ಹತ್ತಿರದ ವಿಷಯ.

ಅಡಿಕೆ ಬೇಯಿಸುವ ಒಲೆಗೆ ಹಸಿ ಸೌದೆ ತುಂಬಿದರೆ ಏನಾಗುತ್ತದೆ? ಹೊಗೆ ಏಳುತ್ತದೆ, ಹಂಡೆ ಕುದಿಯುವುದಿಲ್ಲ. ಒಂದು ಕಿಲೋ ನೀರನ್ನು ಆವಿ ಮಾಡುವುದಕ್ಕೇ ಸುಮಾರು 600 ಕಿಲೋಕ್ಯಾಲರಿ ಶಾಖ ಬೇಕು. ಸೌದೆಯ ಶಾಖವೆಲ್ಲ ಸೌದೆಯಲ್ಲಿರುವ ನೀರನ್ನು ಒಣಗಿಸುವುದಕ್ಕೇ ಮುಗಿಯುತ್ತದೆ. ಅಡುಗೆಮನೆಯ ಕಸವೂ ಹೀಗೆಯೇ. ತರಕಾರಿ ಸಿಪ್ಪೆ, ಅನ್ನ, ಹಣ್ಣಿನ ತಿರುಳು ಇವುಗಳ ತೂಕದಲ್ಲಿ ಹೆಚ್ಚಿನದು ನೀರು. ನಮ್ಮ ದೇಶದ 2016ರ ಘನತ್ಯಾಜ್ಯ ನಿಯಮಗಳಲ್ಲಿ ಕೂಡ, ಕಿಲೋಗೆ 1500 ಕಿಲೋಕ್ಯಾಲರಿ ಅಥವಾ ಅದಕ್ಕಿಂತ ಹೆಚ್ಚು ಶಾಖವಿದ್ದು, ಮರುಬಳಕೆಗೆ ಒದಗದ ಕಸವನ್ನು ಶಕ್ತಿ ಉತ್ಪಾದನೆಗೆ ಬಳಸಬೇಕೆಂದು ಹೇಳಿತ್ತು. ಹಸಿಕಸ ತುಂಬಿದ ಲಾರಿ ಆ ಮಟ್ಟ ಮುಟ್ಟುವುದು ಕಷ್ಟ.

ಹಾಗಾದರೆ ಕಸದಲ್ಲಿ ಚೆನ್ನಾಗಿ ಉರಿಯುವುದು ಯಾವುದು? ಒಣ ಕಾಗದ, ರಟ್ಟು, ಪ್ಲಾಸ್ಟಿಕ್ಕು, ಬಟ್ಟೆ. ಇವುಗಳಲ್ಲಿ ಬಹುಪಾಲು ಗುಜರಿಯವನು ದುಡ್ಡು ಕೊಟ್ಟು ಒಯ್ಯುವ ವಸ್ತು. ಸುಡುವ ಕಾರ್ಖಾನೆಗೂ ಬೇರ್ಪಡಿಸುವ ಊರಿಗೂ ಇರುವ ಜಗಳದ ಮೂಲ ಇಲ್ಲಿದೆ. ಕಾರ್ಖಾನೆ ಕಟ್ಟಲು ಬೇಕಾಗುವ ಹಣ ಬಹಳ ದೊಡ್ಡದು. ಅದನ್ನು ಹಿಂದಕ್ಕೆ ಪಡೆಯಲು ಇಪ್ಪತ್ತು, ಇಪ್ಪತ್ತೈದು ವರ್ಷದ ಕರಾರು ಬೇಕು. ಅನೇಕ ಕರಾರುಗಳಲ್ಲಿ ವರ್ಷಕ್ಕೆ ಇಷ್ಟು ಟನ್ ಕಸವನ್ನು ಪುರಸಭೆ ಕೊಟ್ಟೇ ಕೊಡಬೇಕು, ಕೊಡದಿದ್ದರೂ ಹಣ ತೆರಬೇಕು ಎಂಬ ಷರತ್ತಿರುತ್ತದೆ. ಕಸ ಕಡಿಮೆ ಮಾಡಿದ ಊರಿಗೆ ದಂಡ! ಚಳಿದೇಶವಾದ ಡೆನ್ಮಾರ್ಕ್ ಕಸ ಸುಟ್ಟ ಶಾಖದಿಂದ ಮನೆಗಳನ್ನು ಬೆಚ್ಚಗಿಡುವುದರಲ್ಲಿ ಹೆಸರು ಪಡೆದದ್ದು. ಅಲ್ಲಿಯೂ ತಮ್ಮ ಕಸ ಸಾಲದೆ ಪರದೇಶದ ಕಸವನ್ನು ತರಿಸಿ ಸುಡುವ ಪರಿಸ್ಥಿತಿ ಬಂದು, ಸುಡುವ ಸಾಮರ್ಥ್ಯವನ್ನು 2030ರೊಳಗೆ ನೂರಕ್ಕೆ 30 ಭಾಗ ತಗ್ಗಿಸಬೇಕೆಂದು 2020ರಲ್ಲಿ ತೀರ್ಮಾನಿಸಿದರು.

ಸುಟ್ಟರೆ ಕಸ ಮಾಯವಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಗಾತ್ರದಲ್ಲಿ ಒಂಬತ್ತು ಪಾಲು ಹೋಗುತ್ತದೆ, ಒಪ್ಪತಕ್ಕ ಮಾತು. ಆದರೆ ತೂಕದಲ್ಲಿ ನೂರು ಲಾರಿ ಕಸ ಒಳಗೆ ಹೋದರೆ ಇಪ್ಪತ್ತರಿಂದ ಇಪ್ಪತ್ತೈದು ಲಾರಿ ತಳಬೂದಿ ಹೊರಬರುತ್ತದೆ. ಇದಲ್ಲದೆ ಹೊಗೆಯನ್ನು ಸೋಸಿದಾಗ ಸಿಕ್ಕುವ ಹಾರುಬೂದಿ ಬೇರೆ. ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳು ಇದರಲ್ಲಿ ಸೇರಿಕೊಳ್ಳುವುದರಿಂದ ಇದನ್ನು ಅಪಾಯಕಾರಿ ವಸ್ತುವೆಂದೇ ಎಣಿಸಿ ಬೇರೆ ಕಡೆ ಭದ್ರವಾಗಿ ಹೂಳಬೇಕು. ಸೋಸುವ ಯಂತ್ರ ಚೆನ್ನಾಗಿದ್ದಷ್ಟೂ ಈ ಬೂದಿಯಲ್ಲಿ ವಿಷ ಹೆಚ್ಚು. ಗಾಳಿಗೆ ಹೋಗದೆ ನಿಂತದ್ದು ಇಲ್ಲಿಯೇ ತಾನೆ ಇರಬೇಕು?

ಡಯಾಕ್ಸಿನ್ ಎಂಬ ಮಾತು ಈ ಚರ್ಚೆಯಲ್ಲಿ ಪದೇ ಪದೇ ಬರುತ್ತದೆ. ಕ್ಲೋರಿನ್ ಇರುವ ವಸ್ತುಗಳು, ಮುಖ್ಯವಾಗಿ ಪಿವಿಸಿ ಪ್ಲಾಸ್ಟಿಕ್ಕಿನಂತಹವು, ಅರೆಬರೆ ಉರಿದಾಗ ಹುಟ್ಟುವ ವಿಷವಿದು. ಹೆಚ್ಚಿನ ಶಾಖದಲ್ಲಿ ನಾಶವಾಗುತ್ತದೆ. ಆದ್ದರಿಂದ ಯೂರೋಪಿನ ಕಾನೂನು ಹೊಗೆಯನ್ನು 850 ಡಿಗ್ರಿ ಶಾಖದಲ್ಲಿ ಕನಿಷ್ಠ ಎರಡು ಸೆಕೆಂಡು ನಿಲ್ಲಿಸಬೇಕೆನ್ನುತ್ತದೆ. ಹೊಗೆ ಆರುತ್ತ ಬರುವಾಗ ಇದು ಮತ್ತೆ ಕೂಡಿಕೊಳ್ಳುವುದೂ ಉಂಟು. ಆದುದರಿಂದ ಬೇಗನೆ ತಣಿಸಬೇಕು, ಇದ್ದಿಲಿನ ಪುಡಿ ಹಾಕಿ ಸೋಸಬೇಕು. ಒಳ್ಳೆಯ ಯಂತ್ರ, ಒಣಕಸ, ಪ್ರಾಮಾಣಿಕ ತಪಾಸಣೆ ಮೂರೂ ಇದ್ದಲ್ಲಿ ಇಂದಿನ ಕಾರ್ಖಾನೆಗಳು ಹಳೆಯವಕ್ಕಿಂತ ಎಷ್ಟೋ ಶುದ್ಧವೆಂಬುದನ್ನು ವಿರೋಧಿಸುವವರೂ ಒಪ್ಪಬೇಕು. ಮೂರರಲ್ಲಿ ಒಂದು ತಪ್ಪಿದರೂ ಭರವಸೆಯಿಲ್ಲ. ಈ ವಿಷ ಮಣ್ಣಿನಲ್ಲಿ ಬಹುಕಾಲ ಉಳಿದು, ಹುಲ್ಲಿನ ಮೂಲಕ ಹಸುವಿನ ಹಾಲಿಗೂ, ಕೆದಕಿ ತಿನ್ನುವ ಕೋಳಿಯ ಮೊಟ್ಟೆಗೂ ಸೇರುತ್ತದೆ. ಇಟಲಿಯವರಿಗೆ ಇದು ಪುಸ್ತಕದ ಮಾತಲ್ಲ. ಮಿಲಾನ್ ಬಳಿಯ ಸೆವೆಸೊದಲ್ಲಿ 1976ರ ಜುಲೈ 10ರಂದು ರಾಸಾಯನಿಕ ಕಾರ್ಖಾನೆಯೊಂದರಿಂದ ಡಯಾಕ್ಸಿನ್ ಮೋಡ ಎದ್ದು ಸಾವಿರಾರು ಸಾಕುಪ್ರಾಣಿಗಳು ಸತ್ತವು, ಇನ್ನೂ ಹಲವು ಸಾವಿರವನ್ನು ಕೊಲ್ಲಬೇಕಾಯಿತು. ಅದು ಕಸದ ಕಾರ್ಖಾನೆಯಲ್ಲ, ನಿಜ. ಆದರೆ ಆ ಹೆಸರು ಕೇಳಿದರೆ ಇಟಲಿಯ ರೈತ ಬೆಚ್ಚುವುದಕ್ಕೆ ಕಾರಣ ಅದು.

'ಹಾಗಾದರೆ ಎಲ್ಲಿಗೆ?'

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ಬೇಡವೆಂದು ಗೆದ್ದ ಊರುಗಳು ಎಷ್ಟೋ ಇವೆ. ಗೆದ್ದ ಮರುದಿನವೂ ಕಸ ಹುಟ್ಟುತ್ತದೆ. ಅದು ಇನ್ನೊಬ್ಬರ ಊರಿಗೆ ಹೋಗುತ್ತದೆ, ಅಥವಾ ಎರಡು ವರ್ಷ ಬಿಟ್ಟು ಅದೇ ಕಾರ್ಖಾನೆ ಬೇರೆ ಹೆಸರಿನಲ್ಲಿ ಮತ್ತೆ ಬರುತ್ತದೆ. ಯೋಜನಾಧಿಕಾರಿ ಕೇಳುವ 'ಹಾಗಾದರೆ ನಿಮ್ಮ ಕಸ ಎಲ್ಲಿಗೆ?' ಎಂಬ ಪ್ರಶ್ನೆಗೆ ಉತ್ತರವಿಲ್ಲದವರ ವಿರೋಧ ಬಹಳ ದಿನ ನಿಲ್ಲುವುದಿಲ್ಲ. ಕಪಾನ್ನೊರಿಯಲ್ಲಿ ಈ ಪ್ರಶ್ನೆ ವಿರೋಧಿಸಿದವರ ಕೈಗೇ ಬಂತು. ಬದಲಿ ವ್ಯವಸ್ಥೆಯನ್ನು ರೂಪಿಸುವ ಹೊಣೆಯನ್ನು ಎರ್ಕೊಲಿನಿ ಅವರು ಹೊರಬೇಕಾಯಿತು.

ಅವರು ಹಿಡಿದ ದಾರಿ ನಮ್ಮ ಅಂಗಳದಲ್ಲಿ ದಿನವೂ ನಡೆಯುವ ಕೆಲಸವೇ. ಸುಲಿದ ಅಡಿಕೆಯನ್ನು ಆಯದೆ ಒಟ್ಟಿಗೆ ಮೂಟೆ ಕಟ್ಟಿದರೆ ಕರಿಗೋಟಿನ ಧಾರಣೆ ಸಿಕ್ಕೀತು. ಹಣ್ಣು ಕಾಫಿಯ ಜೊತೆ ಹಸಿರು ಕಾಯಿ ಬೆರೆತು ಪಲ್ಪರಿಗೆ ಹೋದ ಮೇಲೆ ಅದನ್ನು ಯಾರು ಬೇರ್ಪಡಿಸುತ್ತಾರೆ? ಕಸವೂ ಬೆರೆಯುವ ಮೊದಲೇ, ಹುಟ್ಟಿದ ಮನೆಯಲ್ಲೇ ಬೇರೆಯಾಗಬೇಕು. 2005ರಿಂದ ಪುರಸಭೆ ಬೀದಿಯ ದೊಡ್ಡ ತೊಟ್ಟಿಗಳನ್ನು ಬಿಟ್ಟು ಮನೆಬಾಗಿಲಿನಿಂದ ಬೇರೆ ಬೇರೆಯಾಗಿ ಕಸ ಸಂಗ್ರಹಿಸತೊಡಗಿತು. ಇಲ್ಲಿ ಒಂದು ಜಾಣತನವನ್ನು ಗಮನಿಸಬೇಕು. ಮೊದಲು ದೊಡ್ಡ ಪೇಟೆಗೆ ಕೈಹಾಕಲಿಲ್ಲ, ಸಣ್ಣ ಹಳ್ಳಿಗಳಲ್ಲಿ ಆರಂಭಿಸಿದರು. ತಪ್ಪಾದರೆ ಚಿಕ್ಕದರಲ್ಲಿ ತಪ್ಪಾಗಲಿ, ತಿದ್ದಿಕೊಂಡು ಮುಂದೆ ಹೋಗೋಣ ಎಂಬ ಆಲೋಚನೆ. ಸ್ವಯಂಸೇವಕರು ಮನೆಮನೆಗೆ ಹೋಗಿ ಬುಟ್ಟಿ, ಚೀಲ ಕೊಟ್ಟು, ಯಾವುದು ಯಾವುದಕ್ಕೆ ಎಂದು ಹೇಳಿಕೊಟ್ಟರು. ಎಲ್ಲ ಹಳ್ಳಿಗಳನ್ನು ಮುಟ್ಟಲು 2010ರವರೆಗೆ ಹಿಡಿಯಿತು. ಕಾರ್ಖಾನೆ ಬೇಡವೆಂದ ದಿನಕ್ಕೂ ಮೊದಲ ಮನೆಬಾಗಿಲಿಗೆ ಗಾಡಿ ಬಂದ ದಿನಕ್ಕೂ ನಡುವೆ ಎಂಟು ವರ್ಷ, ಅಲ್ಲಿಂದ ಪೂರ್ತಿಯಾಗಲು ಇನ್ನೈದು. ಅವಸರದವರ ಕೆಲಸವಲ್ಲ.

2007ರಲ್ಲಿ ಈ ಪುರಸಭೆ 'ಶೂನ್ಯ ಕಸ'ದ ಗುರಿಯನ್ನು ಅಧಿಕೃತ ನೀತಿಯಾಗಿ ಒಪ್ಪಿಕೊಂಡ ಯೂರೋಪಿನ ಮೊದಲ ಪುರಸಭೆಯಾಯಿತು. 2010ರ ಹೊತ್ತಿಗೆ ಊರಿನ ಕಸದಲ್ಲಿ ನೂರಕ್ಕೆ 82 ಭಾಗ ಬೇರ್ಪಟ್ಟು ಬರುತ್ತಿತ್ತು. ಬೇರ್ಪಡದ ಕಸ 2006ರಲ್ಲಿ ತಲೆಗೆ ವರ್ಷಕ್ಕೆ 340 ಕಿಲೋ ಇದ್ದದ್ದು 2011ರಲ್ಲಿ 146 ಕಿಲೋಗೆ ಇಳಿಯಿತು. ಬೇರ್ಪಡಿಸುವುದಷ್ಟೇ ಅಲ್ಲ, ಒಟ್ಟು ಕಸವೇ ಕಡಿಮೆಯಾಯಿತು: 2004ರಲ್ಲಿ ತಲೆಗೆ ದಿನಕ್ಕೆ 1.92 ಕಿಲೋ, ಎಂಟೊಂಬತ್ತು ವರ್ಷದ ಮೇಲೆ 1.18 ಕಿಲೋ. ಉಳಿದ ಭಾಗ ಇನ್ನೂ ಹೂಳುವ ಜಾಗಕ್ಕೇ ಹೋಗುತ್ತಿತ್ತು ಎಂಬುದನ್ನೂ ಹೇಳಬೇಕು. ಶೂನ್ಯವೆಂದದ್ದು ಗುರಿ, ಲೆಕ್ಕದ ಪುಸ್ತಕದ ಅಂಕಿಯಲ್ಲ.

ಇದು ಬರಿಯ ಉಪದೇಶದಿಂದ ಆದದ್ದಲ್ಲ. ಮನೆಯಲ್ಲೇ ಗೊಬ್ಬರ ಮಾಡಿಕೊಳ್ಳುವವರಿಗೆ ಕಸದ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟರು. ಗೊಬ್ಬರದ ಡಬ್ಬಿಯನ್ನು ಉಚಿತವಾಗಿ ಹಂಚಿದರು. 2012ರಿಂದ ಕೆಲವು ಹಳ್ಳಿಗಳಲ್ಲಿ ಬೆರಕೆ ಕಸದ ಚೀಲಕ್ಕೆ ಗುರುತಿನ ಚೀಟಿ ಅಂಟಿಸಿ, ಯಾವ ಮನೆ ಎಷ್ಟು ಸಲ ಚೀಲ ಇಟ್ಟಿತೋ ಅಷ್ಟಕ್ಕೆ ಹಣ ಎಂಬ ಪದ್ಧತಿ ಬಂತು. ಅಲ್ಲಿ ಬೇರ್ಪಡಿಸುವ ಪ್ರಮಾಣ ನೂರಕ್ಕೆ 90ಕ್ಕೇರಿತು. ಜೇಬಿಗೆ ಮುಟ್ಟಿದ ಪಾಠ ಬೇಗ ತಲೆಗೆ ಹತ್ತುತ್ತದೆ, ಅಲ್ಲಿಯೂ ಇಲ್ಲಿಯೂ. ಹೂಳುವ ಖರ್ಚು ಉಳಿದದ್ದರಿಂದ ಪುರಸಭೆಗೆ ಹಣ ಮಿಕ್ಕಿತು, ಸಂಗ್ರಹದ ಕೆಲಸಕ್ಕೆ ಹೊಸಬರನ್ನು ಸೇರಿಸಿಕೊಳ್ಳಲು ಸಾಧ್ಯವಾಯಿತು.

ಸಹಕಾರಿಗಳಾದ ನಮಗೆ ಹೆಚ್ಚು ಹಿಡಿಸಬೇಕಾದ ಸಂಗತಿಯೊಂದಿದೆ. ಊರಿನಲ್ಲಿ ಹಾಲಿನ ಯಂತ್ರವೊಂದನ್ನು ಇಟ್ಟರು. ಸ್ಥಳೀಯ ರೈತರ ಸಹಕಾರ ಸಂಘ ನೇರವಾಗಿ ದಿನಕ್ಕೆ ಸುಮಾರು 200 ಲೀಟರ್ ಹಾಲು ತಂದು ಅದಕ್ಕೆ ತುಂಬುತ್ತಿತ್ತು. ಕೊಳ್ಳುವವರು ತಮ್ಮ ಪಾತ್ರೆ ತಂದು ಹಿಡಿದುಕೊಳ್ಳಬೇಕು. ಹತ್ತರಲ್ಲಿ ಒಂಬತ್ತು ಜನ ಹಾಗೆಯೇ ಮಾಡಿದರು. ನಡುವಿನ ದಲ್ಲಾಳಿಯೂ ಇಲ್ಲ, ಬಾಟಲಿಯೂ ಇಲ್ಲ. ಕಸ ಕಡಿಮೆ ಮಾಡಲು ಹೊರಟವರು ರೈತನಿಗೆ ನೇರ ಗಿರಾಕಿಯನ್ನು ದೊರಕಿಸಿಕೊಟ್ಟಂತಾಯಿತು.

ಉಳಿದ ಚೀಲದೊಳಗೆ ಕಾಫಿ

2010ರಲ್ಲಿ ಅಲ್ಲೊಂದು ಸಂಶೋಧನಾ ಕೇಂದ್ರ ತೆರೆದರು. ಅದರ ಕೆಲಸ ವಿಚಿತ್ರವೆನಿಸಬಹುದು: ಬೇರ್ಪಡಿಸಿದ ಮೇಲೂ ಉಳಿದ ಬೆರಕೆ ಕಸದ ಚೀಲವನ್ನು ಬಿಚ್ಚಿ, ಒಳಗಿರುವುದನ್ನು ಎಣಿಸುವುದು. ಯಾವುದಕ್ಕೂ ಒದಗದೆ ಉಳಿಯುವ ವಸ್ತು ಯಾವುದು, ಅದನ್ನು ಹಾಗೆ ಮಾಡಿದವರು ಯಾರು ಎಂದು ಕೇಳುವುದು. ಪದೇ ಪದೇ ಸಿಕ್ಕಿದ ವಸ್ತುಗಳಲ್ಲಿ ಒಂದು, ಒಂದು ಲೋಟ ಕಾಫಿಗೆ ಒಂದರಂತೆ ಬರುವ ಪುಟ್ಟ ಡಬ್ಬಿ. ಯಂತ್ರಕ್ಕೆ ಹಾಕಿ ಒತ್ತಿದರೆ ಕಾಫಿ ಇಳಿಯುತ್ತದೆ. ಡಬ್ಬಿ, ಒಳಗಿನ ಚರಟದ ಸಮೇತ, ಕಸಕ್ಕೆ. ಪ್ಲಾಸ್ಟಿಕ್ಕು ಅಥವಾ ಅಲ್ಯುಮಿನಿಯಮ್ಮಿನೊಳಗೆ ಹಸಿ ಚರಟ ಅಂಟಿಕೊಂಡಿರುವುದರಿಂದ ಗೊಬ್ಬರಕ್ಕೂ ಆಗದು, ಗುಜರಿಗೂ ಆಗದು. ಕೇಂದ್ರದವರು ಹೆಸರಾಂತ ಕಾಫಿ ಕಂಪನಿಗಳವರನ್ನು ಕರೆದು ಮಾತನಾಡಿದರು. ಬಳಸಿ ತಪ್ಪು ಮಾಡಿದ ಮನೆಯವರನ್ನಲ್ಲ, ತಯಾರಿಸಿದವರನ್ನು ಕೇಳಿದ್ದು ಇಲ್ಲಿಯ ವಿಶೇಷ.

ನಾವು ಬೆಳೆದು, ಒಣಗಿಸಿ, ಮೂಟೆ ಕಟ್ಟಿ ಕಳುಹಿಸಿದ ಕಾಫಿಯ ಕೊನೆಯ ಪಯಣ ಹೀಗೂ ಇರಬಹುದೆಂದು ನಾನಂತೂ ಯೋಚಿಸಿರಲಿಲ್ಲ. ಚರಟವು ಮಣ್ಣಿಗೆ ಮರಳಿದರೆ ಒಳ್ಳೆಯ ಗೊಬ್ಬರ. ನಮ್ಮ ಪಲ್ಪಿಂಗ್ ಮನೆಯ ಹಿಂದಿನ ಸಿಪ್ಪೆಯ ತಿಪ್ಪೆಯೇ ಅದಕ್ಕೆ ಸಾಕ್ಷಿ.

ಎರ್ಕೊಲಿನಿ ಅವರಿಗೆ 2013ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಆ ವೇಳೆಗೆ ಇಟಲಿಯ ನೂರಕ್ಕೂ ಹೆಚ್ಚು ಪುರಸಭೆಗಳು ಕಪಾನ್ನೊರಿಯ ಗುರಿಯನ್ನು ಒಪ್ಪಿಕೊಂಡಿದ್ದವು.

ತಡವಾಗಿ ಬೇಡವೆಂದರೆ

ವಿರೋಧದ ಹೊತ್ತಿನ ಬಗ್ಗೆ ಒಂದು ಮಾತು. ಇಂಗ್ಲೆಂಡಿನ ಪೂರ್ವಭಾಗದ ನಾರ್ಫೋಕ್ ಬೇಸಾಯದ ಸೀಮೆ. ಅಲ್ಲಿಯ ಕಿಂಗ್ಸ್ ಲಿನ್ ಪಟ್ಟಣದ ಬಳಿ ಕಸ ಸುಡುವ ಕಾರ್ಖಾನೆ ಕಟ್ಟಲು ಜಿಲ್ಲಾ ಆಡಳಿತ ಹೊರಟಿತು. ಪಟ್ಟಣದ ಆಡಳಿತ 2011ರಲ್ಲಿ ಜನಾಭಿಪ್ರಾಯ ಕೇಳಿದಾಗ 65,516 ಮತಗಳು ಬೇಡವೆಂದು ಬಿದ್ದವು. ಮತ ಹಾಕಿದವರಲ್ಲಿ ನೂರಕ್ಕೆ 92ಕ್ಕಿಂತ ಹೆಚ್ಚು. ಆದರೂ 2012ರ ಫೆಬ್ರವರಿಯಲ್ಲಿ ಜಿಲ್ಲಾ ಆಡಳಿತ ಕಂಪನಿಯೊಡನೆ ಕರಾರಿಗೆ ಸಹಿ ಹಾಕಿತು. ಕಟ್ಟುವ ಪರವಾನಗಿಯ ತೀರ್ಮಾನವಾದದ್ದು ಅದಾದ ಮೇಲೆ, ಜೂನಿನಲ್ಲಿ! ವಿಷಯ ಕೇಂದ್ರ ಸರ್ಕಾರದ ಮಂತ್ರಿಯ ಬಳಿಗೆ ಹೋಯಿತು, ಬಹಿರಂಗ ವಿಚಾರಣೆ ನಡೆಯಿತು, 2013ರಲ್ಲಿ ಸರ್ಕಾರ ತನ್ನ ಸಹಾಯಧನವನ್ನು ಹಿಂತೆಗೆದುಕೊಂಡಿತು. 2014ರಲ್ಲಿ ಯೋಜನೆ ಕೈಬಿಟ್ಟರು. ಜನ ಗೆದ್ದರು. ಆದರೆ ಕರಾರು ಮುರಿದದ್ದಕ್ಕೆ ತೆತ್ತ ಹಣ 3 ಕೋಟಿ ಪೌಂಡಿಗೂ ಮೀರಿತು. ತೆತ್ತವರು ಅದೇ ಜಿಲ್ಲೆಯ ತೆರಿಗೆದಾರರು. ಕಪಾನ್ನೊರಿಯವರು ಪ್ರಸ್ತಾಪದ ಹಂತದಲ್ಲೇ ಎದ್ದದ್ದರಿಂದ ಬಚಾವಾದರು.

ನಮ್ಮಲ್ಲಿ ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮುನ್ನ ಸಾರ್ವಜನಿಕ ಆಲಿಕೆ ನಡೆಸಬೇಕೆಂದು 2006ರ ಅಧಿಸೂಚನೆ ವಿಧಿಸಿತು. ಅದರಲ್ಲಿ ಕನಿಷ್ಠ 30 ದಿನ ಮುಂಚಿತವಾಗಿ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕೆಂದಿದೆ. ಕುಯ್ಲಿನ ಗಡಿಬಿಡಿಯಲ್ಲಿ ಪತ್ರಿಕೆಯ ಒಳಪುಟದ ಸಣ್ಣಕ್ಷರದ ಪ್ರಕಟಣೆಯನ್ನು ಯಾರು ಓದುತ್ತಾರೆ? ಪ್ರತಿ ಊರಿನ ಸದಸ್ಯರಲ್ಲಿ ಒಬ್ಬರಾದರೂ ಇದನ್ನು ನೋಡುವ ಕೆಲಸ ವಹಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಯೋಜನೆಯ ವರದಿ ಕೈಗೆ ಸಿಕ್ಕಾಗ ಮೊದಲು ಹುಡುಕಬೇಕಾದದ್ದು ಚಿಮಣಿಯ ಎತ್ತರವಲ್ಲ. ಕರಾರು ಎಷ್ಟು ವರ್ಷದ್ದು, ದಿನಕ್ಕೆ ಎಷ್ಟು ಟನ್ ಕಸ ಕೊಡುವುದಾಗಿ ಒಪ್ಪಿದ್ದಾರೆ, ಹಸಿಕಸದ ತೇವಾಂಶ ಎಷ್ಟೆಂದು ಬರೆದಿದ್ದಾರೆ, ಬೂದಿಯನ್ನು ಯಾವ ಸರ್ವೆ ನಂಬರಿನಲ್ಲಿ ಹೂಳುತ್ತಾರೆ ಎಂಬ ಅಂಶಗಳು.

ಸದಸ್ಯರ ಮುಂದಿನ ಚರ್ಚಾಕೂಟಕ್ಕೆ ಈ ಪಾಠವನ್ನೇ ಇಟ್ಟುಕೊಳ್ಳಬಹುದು. ಬರುವವರು ಒಂದು ವಾರ ತಮ್ಮ ಮನೆಯ ಕಸವನ್ನು ಹಸಿ, ಒಣ, ಯಾವುದಕ್ಕೂ ಆಗದ್ದು ಎಂದು ಮೂರು ಪಾಲು ಮಾಡಿ, ಕಾಫಿ ತೂಗುವ ತಕ್ಕಡಿಯಲ್ಲೇ ತೂಗಿ ಬರೆದುಕೊಂಡು ಬರಲಿ. ಗೊಬ್ಬರದ ಖಾಲಿ ಚೀಲ, ಔಷಧದ ಬಾಟಲಿ, ತುಂತುರು ನೀರಾವರಿಯ ಒಡೆದ ಪೈಪು, ಅಡಿಕೆ ಒಣಗಿಸುವ ಹರಿದ ಹಾಳೆ ಇವು ಮೂರನೆಯ ಪಾಲಿನಲ್ಲಿ ಬರುತ್ತವೆ, ಅವನ್ನು ಬಿಡಬೇಡಿರಿ. ತೋಟದ ಮೂಲೆಯಲ್ಲಿ ನಾವೇ ಸುಡುವುದು ಬಹುಮಟ್ಟಿಗೆ ಇದನ್ನೇ.